ಡ್ರಮ್ಸ್ ಇಲ್ಲದ ರಾಕ್ ಕೇಳೋದು ಹೇಗೆ?

ಪ್ರಶ್ನೆ: ಮಗ ಫೋನಿಗೆ ಹಾಕಿಕೊಟ್ಟ ಪೀಟರ್ ಹ್ಯಾಮಿಲ್ ಅವರ ‘ರೂಮ್ ಟೆಂಪರೇಚರ್’ ಲೈವ್ ಆಲ್ಬಮ್ ಕೇಳಿದೆ. ರಾಕ್ ಅಂತಾನೆ, ಆದರೆ ಡ್ರಮ್ಸೇ ಇಲ್ಲ. ಹಾಡುವವರು ಒಮ್ಮೆ ಪಿಸುಗುಟ್ಟುತ್ತಾರೆ, ಒಮ್ಮೆ ಕಿರುಚುತ್ತಾರೆ. ಏನೋ ಬಿಟ್ಟುಹೋದ ಹಾಗಿದೆ. ನನ್ನ ಕಿವಿಯದ್ದೇ ತಪ್ಪಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ ಸರ್, ಅಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ. 1988-89ರ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಮಾಡಿ 1990ರಲ್ಲಿ ತಂದ ಆಲ್ಬಮ್ ಅದು. ವೇದಿಕೆ ಮೇಲಿದ್ದವರು ಮೂರೇ ಜನ. ಹಾಡು, ಗಿಟಾರ್, ಕೀಬೋರ್ಡ್ ಹ್ಯಾಮಿಲ್ ಅವರದು, ಪಿಟೀಲು ಸ್ಟುವರ್ಟ್ ಗಾರ್ಡನ್, ಬೇಸ್ ಗಿಟಾರ್ ನಿಕ್ ಪಾಟರ್.

ಮೊದಲ ಸಲ ನನಗೂ ಹೀಗೇ ಅನ್ನಿಸಿತ್ತು. ಆಮೇಲೆ ನೆನಪಾಗಿದ್ದು ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣಪತಿ ಪೆಂಡಾಲು. ಮೈಸೂರಿನವರು, ನೀವೂ ಅಲ್ಲಿ ಕೂತು ಕೇಳಿರುತ್ತೀರಿ. ಗಾಯಕರು ಆಲಾಪನೆಗೆ ಇಳಿದಾಗ ಮೃದಂಗದವರು ಸುಮ್ನೆ ಕೂತಿರುತ್ತಾರೆ, ಕೈ ಮೃದಂಗದ ಮೇಲೆ, ಕಣ್ಣು ಗಾಯಕರ ಮೇಲೆ. ಆಗ ನಾವ್ಯಾರೂ ತಾಳ ಎಲ್ಲಿ ಅಂತ ಕೇಳುವುದಿಲ್ಲ ಅಲ್ವಾ? ಗಾಯಕರು ಒಂದು ಸ್ವರದ ಮೇಲೆ ನಿಂತರೆ ಪಿಟೀಲಿನವರು ಅರೆಗಳಿಗೆ ತಡೆದು, ಅದೇ ಜಾಡು ಹಿಡಿದು ಹಿಂದೆಯೇ ಬರುತ್ತಾರೆ. ಗಾರ್ಡನ್ ಅವರ ಪಿಟೀಲನ್ನು ಅದೇ ಕಿವಿಯಿಂದ ಕೇಳಿ ನೋಡಿ. ಒಂದೇ ವ್ಯತ್ಯಾಸ, ಇಲ್ಲಿ ಪಿಟೀಲು ಯಾವಾಗಲೂ ಹಾಡಿನ ಹಿಂದೆ ಹೋಗುವುದಿಲ್ಲ, ಕೆಲವು ಕಡೆ ಎದುರು ನಿಂತು ಜಗಳಕ್ಕೇ ಬರುತ್ತದೆ. ಹಾಗಂತ ಲಯ ಇಲ್ಲ ಅಂತಲ್ಲ. ಪಾಟರ್ ಅವರ ಬೇಸು, ಗಿಟಾರ್ ಮೇಲಿನ ಹ್ಯಾಮಿಲ್ ಕೈ, ಎರಡೂ ಸೇರಿ ಅದನ್ನು ಹೊರುತ್ತವೆ.

ಇನ್ನು ಕಿರುಚಾಟ. ಹ್ಯಾಮಿಲ್ ಅವರ ಬ್ಯಾಂಡ್ ವ್ಯಾನ್ ಡರ್ ಗ್ರಾಫ್ ಜನರೇಟರ್ 1967ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದು. ಆರ್ಗನ್, ಸ್ಯಾಕ್ಸೋಫೋನ್, ಡ್ರಮ್ಸ್ ಎಲ್ಲ ಸೇರಿ ಗೋಡೆಯಂಥ ಸದ್ದು. (ಇದೇ ಪಾಟರ್ 1970ರಲ್ಲಿ ಬ್ಯಾಂಡ್ ಬಿಟ್ಟಾಗ ಆರ್ಗನ್ ನುಡಿಸುವವರೇ ಕಾಲಲ್ಲಿ ಪೆಡಲ್ ಒತ್ತಿ ಬೇಸ್ ತುಂಬಿಸಿದರು!) ಆಮೇಲೆ ಹ್ಯಾಮಿಲ್ ಒಬ್ಬರೇ ಮಾಡಿದ ಆಲ್ಬಮ್‌ಗಳಲ್ಲಿ ಮನೆಯ ಸ್ಟುಡಿಯೋದಲ್ಲೇ ತಮ್ಮ ದನಿಯ ಮೇಲೆ ತಮ್ಮದೇ ದನಿ ಪದರ ಪದರವಾಗಿ ಹಾಕುತ್ತಿದ್ದರು. ವೇದಿಕೆ ಮೇಲೆ ಅದಾಗುವುದಿಲ್ಲ, ಇರುವುದು ಒಂದೇ ಗಂಟಲು. ಹಾಗಾಗಿ ಅಷ್ಟೂ ದನಿಗಳ ಕೆಲಸವನ್ನು ಆ ಒಂದೇ ಗಂಟಲು ಮಾಡಬೇಕು, ಪಿಸುಮಾತೂ ಅದೇ, ಆರ್ಭಟವೂ ಅದೇ. ಹೆಡ್‌ಫೋನ್ ಹಾಕಿಕೊಳ್ಳಿ. ಉದ್ದನೆ ಸಾಲಿಗೆ ಮುಂಚೆ ಎಳೆದುಕೊಳ್ಳುವ ಉಸಿರು ಕೇಳುತ್ತದೆ, ತುದಿಯಲ್ಲಿ ದನಿ ಒಡೆಯುವುದೂ ಕೇಳುತ್ತದೆ. ಡ್ರಮ್ಸ್ ಇದ್ದಿದ್ದರೆ ಇದೆಲ್ಲ ಮುಚ್ಚಿಹೋಗುತ್ತಿತ್ತು. ನನಗೆ ಈ ಆಲ್ಬಮ್ ಇಷ್ಟವಾಗಿರುವುದೇ ಆ ಒಡೆದ ದನಿಗೆ.

ಎರಡು ಸಿಡಿಯಷ್ಟಿದೆ, ಒಂದೇ ಸಲಕ್ಕೆ ಜಾಸ್ತಿ ಆಗುತ್ತದೆ. ರಾತ್ರಿ ಊಟ ಆದ ಮೇಲೆ ಮೂರು-ನಾಲ್ಕು ಹಾಡು ಸಾಕು.

ಪ್ರಶ್ನೆ: ಇಂಥದ್ದನ್ನೇ ಅನ್‌ಪ್ಲಗ್ಡ್ ಅನ್ನೋದಾ?
– ಓದುಗರು, ಮಂಡ್ಯ

ಉತ್ತರ: ಅಲ್ಲ. ಅನ್‌ಪ್ಲಗ್ಡ್ ಅಂದರೆ ಕರೆಂಟಿನ ವಾದ್ಯ ಬಿಟ್ಟು ನುಡಿಸುವುದು. ಎಂಟಿವಿಯ ಆ ಹೆಸರಿನ ಕಾರ್ಯಕ್ರಮ 1989ರಲ್ಲಿ ಶುರುವಾಯಿತು. ಹ್ಯಾಮಿಲ್ ಕಡಿಮೆ ಮಾಡಿದ್ದು ಜೊತೆಗೆ ನುಡಿಸುವವರನ್ನು, ಕರೆಂಟನ್ನಲ್ಲ. ಇನ್ನೂ ಬರಿದಾಗಿ ಬೇಕಾದರೆ 2010ರ ಕಾರ್ಯಕ್ರಮಗಳಿಂದ ಮಾಡಿ 2011ರಲ್ಲಿ ತಂದ ‘Pno, Gtr, Vox’ ಆಲ್ಬಮ್ ಹುಡುಕಿ. ಅಲ್ಲಿ ಅವರು ಪೂರ್ತಿ ಒಬ್ಬರೇ. ಒಂದು ಸಿಡಿಯಲ್ಲಿ ಪಿಯಾನೋ, ಇನ್ನೊಂದರಲ್ಲಿ ಗಿಟಾರ್. ಪಿಯಾನೋದ್ದು ಮೊದಲು ಕೇಳಿ.