ಕಾಂಡ್ಲ ನೆಡುವಲ್ಲಿಗೆ ಹೊರಗಿನಿಂದ ಬಂದವರೂ ಸೇರಬೇಕಾದರೆ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಉಡುಪಿ ಹತ್ತಿರದ ನಿಮ್ಮ ಯುವಕ ಮಂಡಲ ಪ್ರತಿ ಜುಲೈಯಲ್ಲಿ ಹೊಳೆಬದಿಯಲ್ಲಿ ಕಾಂಡ್ಲ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ನೆಡುತ್ತದೆ. ಮಲ್ಪೆಯ ಬೋಟಿನಲ್ಲಿ, ಕಟ್ಟಡದ ಕೆಲಸದಲ್ಲಿ ಇರುವ ಒಡಿಶಾ, ಬಂಗಾಳ, ಉತ್ತರ ಕರ್ನಾಟಕದವರನ್ನು ಕರೆದಿರಿ. ಮಂಗಳೂರಿನಲ್ಲಿ ಓದುತ್ತಿರುವ ಅಫ್ಘನ್ ಹುಡುಗರನ್ನೂ ಕರೆದಿರಿ. ಯಾರೂ ಬರಲಿಲ್ಲ. ಏನು ತಪ್ಪಿತು?

ಮೊದಲನೆಯದಾಗಿ ತಿಂಗಳೇ ತಪ್ಪು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಕ್ಕೆಯಲ್ಲಿ ಕಟ್ಟಿಹಾಕಿದ ಮೇಲೆ ಬೋಟಿನವರು ಊರಿಗೆ ಹೋಗಿಬಿಡುತ್ತಾರೆ. ನೀವು ವನಮಹೋತ್ಸವದ ಲೆಕ್ಕದಲ್ಲಿ ದಿನ ಇಟ್ಟಾಗ ಅವರು ಇಲ್ಲಿ ಇರುವುದೇ ಇಲ್ಲ. ಕಾಂಡ್ಲಕ್ಕೂ ಜುಲೈ ಅಷ್ಟೇನೂ ಒಳ್ಳೆಯದಲ್ಲ. ಹೊಳೆ ತುಂಬಿ ಹರಿಯುವಾಗ ನೀರು ಸರಿಯಾಗಿ ಇಳಿಯುವುದಿಲ್ಲ, ಊರಿದ ಕೋಡು (ಗಿಡದಲ್ಲೇ ಮೊಳೆತು ಉದ್ದಕ್ಕೆ ನೇತಾಡುವ ಮೊಳಕೆ) ಕೆಸರಿನ ಸಮೇತ ಎದ್ದು ಹೋಗುತ್ತದೆ.

ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿ. ಮಳೆಗಾಲದಲ್ಲಿ ಊರವರೇ ರೈಜೋಫೊರಾ ಎಂಬ ಜಾತಿಯ ಕಾಂಡ್ಲದ ಕೋಡು ಆಯ್ದು ತನ್ನಿ. ಕೋಡಿನ ಮೇಲ್ತುದಿಯ ಬಳೆಯಂಥ ಭಾಗ ಹಳದಿಗೆ ತಿರುಗಿ, ಮುಟ್ಟಿದರೆ ಕಳಚಿಕೊಳ್ಳುವಂತಿದ್ದರೆ ಬಲಿತಿದೆ ಎಂದು ಲೆಕ್ಕ. ಎಳೆದು ಕೀಳಬೇಕಾದದ್ದು ಬೇಡ. ಅದೇ ಹೊಳೆಯ ಕೆಸರು ತುಂಬಿದ ಚೀಲದಲ್ಲಿ, ಭರತದ (ಸಮುದ್ರದ ಉಬ್ಬರದ) ನೀರು ಮುಟ್ಟುವ ಜಾಗದಲ್ಲೇ ಬೆಳೆಸಿ. ಮನೆಯಂಗಳದಲ್ಲಿ ಬಾವಿ ನೀರು ಹಾಕಿ ಬೆಳೆಸಿದ ಸಸಿ ಉಪ್ಪು ನೀರಿಗೆ ಹೋದಾಗ ಸೊರಗುತ್ತದೆ. ಮಳೆ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಎಲ್ಲರೂ ಸೇರಿ ನೆಡಿ. ದಿನ ಗೊತ್ತು ಮಾಡುವಾಗ ಚೌತಿ, ನವರಾತ್ರಿ ಮಾತ್ರ ನೋಡಿದರೆ ಸಾಲದು. ಸೆಪ್ಟೆಂಬರ್ 17ರ ಹೊತ್ತಿಗೆ ಬರುವ ವಿಶ್ವಕರ್ಮ ಪೂಜೆ ಒಡಿಶಾ, ಬಂಗಾಳದ ಕೆಲಸಗಾರರಿಗೆ ದೊಡ್ಡದು, ದುರ್ಗಾಪೂಜೆ ಅದಕ್ಕಿಂತಲೂ ದೊಡ್ಡದು. ಶುಕ್ರವಾರ ನಮಾಜಿನವರಿಗೆ ಆಗದು, ಭಾನುವಾರ ಬೆಳಿಗ್ಗೆ ಜಾರ್ಖಂಡದ ಕ್ರೈಸ್ತರಿಗೆ ಇಗರ್ಜಿ ಇರುತ್ತದೆ. ಹೀಗೆ ಎಲ್ಲರಿಗೂ ಹೊಂದುವ ದಿನ ಸಿಗುವುದಿಲ್ಲ. ಯಾರು ಹೆಚ್ಚು ಬರಬಹುದೋ ಅವರನ್ನು ಕೇಳಿ ಇಡಿ, ಉಳಿದವರಿಗೆ ಇನ್ನೊಂದು ದಿನ ಇಡಿ.

ಗಂಟೆಯನ್ನು ಮಾತ್ರ ಹೊಳೆಯೇ ಹೇಳಬೇಕು. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದಿನದ ಎರಡು ಇಳಿತಗಳಲ್ಲಿ ನೀರು ಒಂದೇ ಮಟ್ಟಕ್ಕೆ ಇಳಿಯುವುದೂ ಇಲ್ಲ. ಸಮುದ್ರದ ಮಾಹಿತಿ ಕೊಡುವ ಕೇಂದ್ರ ಸರಕಾರದ ಸಂಸ್ಥೆ ಇನ್‌ಕಾಯಿಸ್‌ನ ಭರತ-ಇಳಿತದ ಪಟ್ಟಿ ನೋಡಿ, ಆಮೇಲೆ ಬಲೆ ಹಾಕುವ ಊರಿನ ಒಬ್ಬರನ್ನು ಕೇಳಿ. ಅಳಿವೆಯಿಂದ (ಹೊಳೆ ಕಡಲು ಸೇರುವಲ್ಲಿಂದ) ಒಳಗೆ ಹೋದಷ್ಟೂ ಇಳಿತ ತಡ. ನೀರು ಪೂರ್ತಿ ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲು ನೀವು ಕೆಸರಿಗೆ ಇಳಿದು, ತಿರುಗಿ ಏರತೊಡಗಿದ ಅರ್ಧ ಗಂಟೆಯೊಳಗೆ ಎಲ್ಲರೂ ದಡದಲ್ಲಿರಬೇಕು. ಕಾಬೂಲಿನಿಂದಲೋ ಕೊಪ್ಪಳದಿಂದಲೋ ಬಂದವರಿಗೆ ಭರತ ಎಂದರೇನು ಎಂದೇ ಗೊತ್ತಿರಲಿಕ್ಕಿಲ್ಲ, ಈಜು ಬರುವುದಂತೂ ದೂರ. ಇಳಿಯುವ ಮೊದಲು ದಡದಲ್ಲಿ ಒಂದು ಕೋಲು ನೆಟ್ಟು, ನೀರು ಇಲ್ಲಿಗೆ ಬಂದರೆ ಎಲ್ಲರೂ ಮೇಲೆ ಎಂದು ತೋರಿಸಿ. ಇಳಿಯುವಾಗಲೂ ಹತ್ತುವಾಗಲೂ ತಲೆ ಎಣಿಸಿ.

ಇನ್ನು ಕರೆಯುವ ರೀತಿ. ಕನ್ನಡ ಪೋಸ್ಟರನ್ನು ವಾಟ್ಸಾಪ್‌ನಲ್ಲಿ ಬಿಟ್ಟರೆ ಅದು ನಿಮ್ಮವರೊಳಗೇ ಸುತ್ತುತ್ತದೆ. ಒಂದು ವಾರ ಮೊದಲು ಸಂಜೆ ಏಳರ ಮೇಲೆ ಲೇಬರ್ ಶೆಡ್ಡಿಗೆ ಹೋಗಿ. ಮೇಸ್ತ್ರಿಗೆ ತಿಳಿಸಿ, ಆದರೆ ಅವನ ಬಾಯಲ್ಲಿ ಹೇಳಿಸಬೇಡಿ. ಅವನು ಹೇಳಿದರೆ ಅದು ಆಮಂತ್ರಣ ಆಗಿ ಉಳಿಯುವುದಿಲ್ಲ, ಆಜ್ಞೆ ಆಗುತ್ತದೆ. ಅವರಲ್ಲೇ ಒಬ್ಬರಿಂದ ಒಡಿಯಾ, ಬಂಗಾಳಿ ಅಥವಾ ಹಿಂದಿಯಲ್ಲಿ ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜ್ ಮಾಡಿಸಿ. ವಾಹನ ಎಲ್ಲಿಗೆ, ಎಷ್ಟು ಗಂಟೆಗೆ, ವಾಪಸು ಎಷ್ಟಕ್ಕೆ, ಊಟ ಇದೆ, ಹಣ ಕೊಡಬೇಕಿಲ್ಲ, ಯಾವ ಕಾರ್ಡೂ ತರಬೇಕಿಲ್ಲ, ಇಷ್ಟು ಸಾಕು.

ಆ ಕೊನೆಯ ಮಾತು ಬಿಟ್ಟುಬಿಡಬೇಡಿ. ನೋಂದಣಿ ಅಂತ ಆಧಾರ್ ಕೇಳಿದರೆ ಸಾಲು ಅಲ್ಲಿಗೇ ಮುರಿಯುತ್ತದೆ. ಬಂಗಾಳಿ ಮಾತಾಡಿದ ಕೂಡಲೇ ‘ಬಾಂಗ್ಲಾದವನಾ?’ ಎಂದು ಕೇಳಿಸಿಕೊಂಡವರು ಅವರು. ನಿರಾಶ್ರಿತರ ಪಾಡು ಇನ್ನೂ ಸೂಕ್ಷ್ಮ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅವರ ಇರವು ವೀಸಾ, ಪರವಾನಗಿಗಳ ಮೇಲೆ ನಿಂತಿರುತ್ತದೆ. 2021ರ ಆಗಸ್ಟಿನಲ್ಲಿ ತಾಲಿಬಾನ್ ಮರಳಿದ ಮೇಲೆ ಇಲ್ಲಿದ್ದ ಅಫ್ಘನ್ ವಿದ್ಯಾರ್ಥಿಗಳ ಮುಖ ಫೇಸ್‌ಬುಕ್ಕಿನಲ್ಲಿ ಬಂದರೆ ಊರಲ್ಲಿರುವ ಮನೆಯವರಿಗೆ ತೊಂದರೆ ಆಗಬಹುದು. ಹೆಸರು, ಒಂದು ತುರ್ತು ಫೋನ್ ನಂಬರ್ ಬರೆದುಕೊಳ್ಳಿ, ಕಾರ್ಯಕ್ರಮ ಮುಗಿದ ಮೇಲೆ ಆ ಹಾಳೆ ಹರಿದುಹಾಕಿ. ಫೋಟೊ ಬೇಕಿದ್ದರೆ ಕೈ, ಸಸಿ, ಬೆನ್ನು ಸಾಕು. ಮುಖ ತೆಗೆಯುವುದಾದರೆ ಒಬ್ಬೊಬ್ಬರನ್ನೂ ಕೇಳಿ. ಕರಾವಳಿ ಕಾವಲು ಪೊಲೀಸರಿಗೂ ಪಂಚಾಯತಿಗೂ ನಿಮ್ಮ ಹೆಸರಿನಲ್ಲಿ ಮೊದಲೇ ಪತ್ರ ಕೊಟ್ಟಿರಿ. ಯಾರಾದರೂ ವಿಚಾರಿಸಲು ಬಂದರೆ ಉತ್ತರ ಕೊಡಬೇಕಾದವರು ಸಂಘಟಕರು. ಅರಣ್ಯ ಇಲಾಖೆಯ ವಲಯ ಕಚೇರಿಯ ಅನುಮತಿ ಬೇರೆಯೇ, ಅದು ಹೇಗೂ ಬೇಕು.

ಕೆಲಸ ಹಂಚುವಲ್ಲಿ ಹೆಚ್ಚಿನ ಸಂಘಗಳು ಎಡವುತ್ತವೆ. ವಾರವಿಡೀ ಮಣ್ಣು ಹೊತ್ತವನಿಗೆ ರಜೆಯ ದಿನ ಮೂಟೆ ಹೊರಿಸಿ, ಊರ ಹುಡುಗರು ಸಸಿ ಹಿಡಿದು ಫೋಟೊಕ್ಕೆ ನಿಂತರೆ ಅವನು ಮುಂದಿನ ಸಲ ಯಾಕೆ ಬರಬೇಕು? ಭಾರದ ಕೆಲಸ ಇದ್ದರೆ ಅದಕ್ಕೆ ಸಂಬಳ ಕೊಟ್ಟೇ ಮಾಡಿಸಿ, ಬೇರೆ ದಿನ. ಐದೈದು ಜನರ ಗುಂಪು ಮಾಡಿ: ಇಬ್ಬರು ಊರವರು, ಇಬ್ಬರು ಹೊರಗಿನವರು, ಎರಡು ಭಾಷೆ ಬರುವ ಒಬ್ಬರು. ಗುಂಪಿಗೆ 30 ಸಸಿ ಸಾಕು. ಕಾಂಡ್ಲ ಕಾಡಿನ ನಾಡಾದ ಬಂಗಾಳದ ಸುಂದರಬನದ ಕಡೆಯವರೋ ಒಡಿಶಾದ ಭಿತರ್‌ಕನಿಕಾದ ಕಡೆಯವರೋ ಇದ್ದರೆ ಅವರೇ ಮೇಷ್ಟ್ರು. ಅವಿಸೆನಿಯಾ ಎಂಬ ಇನ್ನೊಂದು ಜಾತಿಯ ಕಾಂಡ್ಲಕ್ಕೆ ಬಂಗಾಳಿಯಲ್ಲಿ ‘ಬಾಯಿನ್’ ಎಂಬ ಹೆಸರಿದೆ, ನಿಮ್ಮ ಹುಡುಗರಿಗಿಂತ ಚೆನ್ನಾಗಿ ಗುರುತಿಸಿಯಾರು. ಹಾಗಂತ ಬಂಗಾಳದವರೆಲ್ಲ ಸುಂದರಬನದವರು ಎಂದುಕೊಳ್ಳಬೇಡಿ. ಮಾಲ್ದಾ, ಮುರ್ಷಿದಾಬಾದಿನವರು ಗಂಗೆಯ ದಡದವರು, ಅವರು ಕಂಡದ್ದು ನದಿ ದಡ ಕೊರೆದು ಹೊಲ ನುಂಗುವುದನ್ನು. ಕೇಳಿ ತಿಳಿಯಿರಿ.

ಮಾತಿನ ಬಗ್ಗೆ ಒಂದು. ‘ಘಟ್ಟದವರು’, ‘ಹಿಂದಿಯವರು’ ಎನ್ನುವುದು ನಮಗೆ ಅಭ್ಯಾಸದಲ್ಲಿ ಬರುತ್ತದೆ, ಅವರಿಗೆ ಅದು ಕೇಳುತ್ತದೆ. ಹೆಸರು ಹಿಡಿದು ‘ನೀವು’ ಎನ್ನಿ. ಗುಂಪಿನೊಳಗೆ ತುಳುವಿನಲ್ಲಿ ಮಾತಾಡಿ ನಕ್ಕರೆ, ಗದಗದ ಕನ್ನಡಿಗನಿಗೂ ತನ್ನನ್ನೇ ಆಡಿಕೊಂಡರು ಎನಿಸುತ್ತದೆ ಮಾರಾಯ್ರೆ.

ನೆಡುವುದು ಹೀಗೆ: ಚೀಲ ಪೂರ್ತಿ ಹರಿದು ತೆಗೆಯಬೇಕು, ಮಣ್ಣಿನ ಗಡ್ಡೆ ಒಡೆಯಬಾರದು, ಸಸಿಯಿಂದ ಸಸಿಗೆ ಒಂದರಿಂದ ಒಂದೂವರೆ ಮೀಟರ್. ಬರೀ ಕೋಡು ಊರುವುದಾದರೆ ಮೂರರಲ್ಲಿ ಒಂದು ಪಾಲು ಕೆಸರಿನೊಳಗೆ, ಮೊಗ್ಗಿನ ತುದಿ ಮೇಲೆ. ಹೊಸಬರು ತಲೆಕೆಳಗಾಗಿ ಊರುವುದು ಸಾಮಾನ್ಯ, ಒಂದನ್ನು ಮಾಡಿ ತೋರಿಸಿದ ಮೇಲೆ ಬಿಡಿ. ಈಗಿರುವ ಕಾಂಡ್ಲದ ಸಾಲಿಗಿಂತ ಕೆಳಗೆ, ಬೋಳು ಕೆಸರಿನಲ್ಲಿ ನೆಟ್ಟದ್ದು ಹೆಚ್ಚಾಗಿ ಹೋಗುತ್ತದೆ. ಅಲ್ಲಿ ನೀರು ನಿಲ್ಲುವ ಹೊತ್ತು ಜಾಸ್ತಿ, ಸಸಿಗೆ ಚಿಪ್ಪು ಕಚ್ಚುತ್ತದೆ. ಎಷ್ಟೋ ಕಡೆ ಹೊಸದಾಗಿ ನೆಡುವುದಕ್ಕಿಂತ, ತಾನಾಗಿ ಹುಟ್ಟಿದ ಸಸಿಗೆ ಸುತ್ತಿಕೊಂಡ ಪ್ಲಾಸ್ಟಿಕ್, ಹಳೆ ಬಲೆ ಬಿಡಿಸುವುದೇ ಹೆಚ್ಚು ಉಪಯೋಗ ಎಂದು ನನ್ನ ಅಭಿಪ್ರಾಯ. ಬಲೆಯನ್ನು ಎಳೆಯಬೇಡಿ, ಬೇರು ಸಮೇತ ಬರುತ್ತದೆ, ಚೂರಿಯಿಂದ ಕತ್ತರಿಸಿ.

40 ಜನರಿಗೆ ಬೇಕಾದದ್ದು: 60 ಖಾಲಿ ಅಕ್ಕಿ ಚೀಲ, 8 ಚೂರಿ, ಕೈಗವಸು, ಕಾಲು ತೊಳೆಯಲು 200 ಲೀಟರಿನ ಎರಡು ಡ್ರಮ್ ಸಿಹಿನೀರು, ಸೋಪು, ಅಯೋಡಿನ್ ಮುಲಾಮು. ಗಮ್‌ಬೂಟು ಕೆಸರಿನಲ್ಲಿ ಸಿಕ್ಕಿಬೀಳುತ್ತದೆ, ಹವಾಯಿ ಚಪ್ಪಲಿ ಕಳೆದುಹೋಗುತ್ತದೆ. ಲೇಸು ಬಿಗಿದ ಹಳೇ ಕ್ಯಾನ್ವಾಸ್ ಶೂ ಒಳ್ಳೆಯದು. ಹೆಚ್ಚಿನವರಲ್ಲಿ ಅದು ಇರುವುದಿಲ್ಲ, ನೀವೇ ಒಟ್ಟು ಮಾಡಿಡಿ. ಕಾಲಲ್ಲಿ ಗಾಯ ಇದ್ದವರು ಇಳಿಯಬಾರದು, ನಮ್ಮಲ್ಲಿ ಇಲಿಜ್ವರ ಇದೆ. ಅವರಿಗೆ ದಡದಲ್ಲಿ ವಿಂಗಡಿಸುವ ಕೆಲಸ ಕೊಡಿ, ಹೆಂಗಸರು ಮಕ್ಕಳನ್ನು ಕರೆತಂದಿದ್ದರೆ ನೋಡಿಕೊಳ್ಳಲು ಅಲ್ಲೇ ಒಬ್ಬರಿರಲಿ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮಜ್ಜಿಗೆ ಸಾಕು. ನೀರಲ್ಲಿ ನೆನೆಸಿದ ಅನ್ನವಾದ ಒಡಿಶಾದ ಪಖಾಳ, ಬಂಗಾಳದ ಪಾಂತಾ ಭಾತ್ ಉಣ್ಣುವವರಿಗೆ ಇದು ಅಪರಿಚಿತವಲ್ಲ. ಮಾಂಸ ಬೇಡ; ಯಾರದು ಏನು ಎಂಬ ಚರ್ಚೆಯೇ ಏಳುವುದಿಲ್ಲ.

ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮುಂಚೆಯೇ ಗೊತ್ತು ಮಾಡಿ. ಪಂಚಾಯತಿಯ ಎಸ್‌ಎಲ್‌ಆರ್‌ಎಂ (ಕಸ ವಿಂಗಡಿಸಿ ವಿಲೇವಾರಿ ಮಾಡುವ) ಘಟಕದವರು ಕೆಸರು ಮೆತ್ತಿದ ಪ್ಲಾಸ್ಟಿಕ್ ತೆಗೆದುಕೊಳ್ಳಲು ಹಿಂಜರಿಯುತ್ತಾರೆ, ಅಲ್ಲೇ ನೀರಲ್ಲಿ ಜಾಲಾಡಿ ಕಳುಹಿಸಿ. ಮೂರು ತಿಂಗಳ ನಂತರ, ಜನವರಿಯ ಒಂದು ಇಳಿತಕ್ಕೆ, ಎಷ್ಟು ಸಸಿ ಉಳಿದಿದೆ ಎಂದು ಎಣಿಸಲು ನೆಟ್ಟ ಗುಂಪನ್ನೇ ಮತ್ತೆ ಕರೆಯಿರಿ. ಕೆಲವರು ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿರುತ್ತಾರೆ. ಅವರ ನಂಬರ್ ನಿಮ್ಮಲ್ಲಿ ಇರುವುದಿಲ್ಲ, ಹೊರಡುವ ದಿನವೇ ನಿಮ್ಮ ನಂಬರ್ ಅವರಿಗೆ ಕೊಟ್ಟಿರಿ.