ಓದುಗರ ಪ್ರಶ್ನೆಗಳು: ಡ್ರೀಮ್‌ಕಾಸ್ಟ್‌ನ ಕ್ವೇಕ್ 3 ಅರೇನಾ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಆಟವನ್ನು, ಅಂದರೆ ಅಖಾಡದಲ್ಲಿ ಒಬ್ಬರನ್ನೊಬ್ಬರು ಗುಂಡಿಟ್ಟು ಬೀಳಿಸುವ ಕ್ವೇಕ್ 3 ಅರೇನಾವನ್ನು, ಕುರಿತಾಗಿದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಅಮೆರಿಕದಲ್ಲಿದ್ದ ಸೋದರಮಾವ ಊರಿಗೆ ಮರಳುವಾಗ ತಮ್ಮ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲನ್ನೂ (ಟಿವಿಗೆ ಜೋಡಿಸಿ ಆಡುವ ಯಂತ್ರ) ಕ್ವೇಕ್ 3 ಅರೇನಾ ಡಿಸ್ಕನ್ನೂ ನಮಗೆ ಕೊಟ್ಟರು. ಟಿವಿ ಪರದೆಯನ್ನು ಎರಡು ಪಾಲು ಮಾಡಿಕೊಂಡು ನಾನು ಮತ್ತು ಅಣ್ಣ ಆಡುತ್ತೇವೆ. ಗುರಿ ಹಿಡಿಯುವುದರಲ್ಲಿ ನಾನೇ ಮುಂದಿದ್ದೇನೆ, ಆದರೆ ಪ್ರತಿ ಸಲ ಗೆಲ್ಲುವವನು ಅಣ್ಣ. ಇದಕ್ಕೆ ಕಾರಣವೇನು? (ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಬಹುಶಃ ನಿಮ್ಮ ಅಣ್ಣ ಆರ್ಮರ್‌ನ, ಅಂದರೆ ಮೈಗವಚದ, ಲೆಕ್ಕ ಇಟ್ಟುಕೊಂಡು ಆಡುತ್ತಿದ್ದಾರೆ. ಈ ಆಟದಲ್ಲಿ ಕಥೆಯಿಲ್ಲ, ಬಿಡಿಸಬೇಕಾದ ಒಗಟಿಲ್ಲ. ಅಖಾಡಕ್ಕೆ ಇಳಿಯುವ ಎಲ್ಲರ ಕೈಯಲ್ಲೂ ಮೊದಲಿಗೆ ಒಂದೇ ಬಗೆಯ ಸಣ್ಣ ಬಂದೂಕು ಇರುತ್ತದೆ. ಉಳಿದ ಆಯುಧಗಳು, ಕವಚಗಳು, ಔಷಧಗಳು ಎಲ್ಲವೂ ಗೊತ್ತಾದ ಜಾಗದಲ್ಲಿ ಬಿದ್ದಿರುತ್ತವೆ. ಯಾರಾದರೂ ಎತ್ತಿಕೊಂಡ ಮೇಲೆ ಅವು ನಿಗದಿತ ಸಮಯಕ್ಕೆ ಅದೇ ಜಾಗದಲ್ಲಿ ಮತ್ತೆ ಹುಟ್ಟುತ್ತವೆ. ಆರ್ಮರ್‌ಗೆ 25 ಸೆಕೆಂಡು, ಹೆಲ್ತನ್ನು, ಅಂದರೆ ಆಟಗಾರನ ಜೀವಬಲವನ್ನು, ಒಮ್ಮೆಗೇ ಹೆಚ್ಚಿಸುವ ಮೆಗಾ ಹೆಲ್ತ್‌ಗೆ 35 ಸೆಕೆಂಡು, ಹೊಡೆತದ ಬಲವನ್ನು 30 ಸೆಕೆಂಡುಗಳ ಮಟ್ಟಿಗೆ ಮೂರು ಪಟ್ಟು ಮಾಡುವ ಕ್ವಾಡ್ ಡ್ಯಾಮೇಜ್‌ಗೆ 2 ನಿಮಿಷ. ಈ ಅಂಕಿಗಳು ಬಾಯಿಪಾಠವಾಗಿರುವ ಆಟಗಾರನು ಎದುರಾಳಿಯನ್ನು ಅಟ್ಟಿಸಿಕೊಂಡು ತಿರುಗುವುದಿಲ್ಲ. ಹೆಚ್ಚು ರಕ್ಷಣೆ ಕೊಡುವ ಕೆಂಪು ಆರ್ಮರ್ ಹುಟ್ಟುವ ಎರಡು ಸೆಕೆಂಡು ಮೊದಲು ಅಲ್ಲಿಗೆ ಬಂದು ನಿಂತಿರುತ್ತಾನೆ.

ಅದರಿಂದ ಸಿಗುವ ಲಾಭವನ್ನು ಒಂದೇ ಹೊಡೆತದ ಲೆಕ್ಕದಲ್ಲಿ ನೋಡಬಹುದು. ರೈಲ್‌ಗನ್ ಎಂಬ ಆಯುಧದ ಒಂದು ಗುಂಡಿನ ಪೆಟ್ಟು 100. ಆರ್ಮರ್ ಇಲ್ಲದೆ 100 ಹೆಲ್ತ್‌ನಲ್ಲಿ ನಿಂತಿರುವ ನೀವು ಆ ಒಂದೇ ಗುಂಡಿಗೆ ಬೀಳುತ್ತೀರಿ. ಅಣ್ಣನ ಬಳಿ 100 ಹೆಲ್ತ್ ಜೊತೆಗೆ 100 ಆರ್ಮರ್ ಇದ್ದರೆ, ಪೆಟ್ಟಿನ 66 ಪಾಲನ್ನು ಆರ್ಮರ್ ನುಂಗಿಕೊಳ್ಳುತ್ತದೆ. ಅವರಿಗೆ ಇನ್ನೂ 66 ಹೆಲ್ತ್ ಉಳಿದಿರುತ್ತದೆ. ಅಂದರೆ ನೀವು ಎರಡು ಸಲ ಸರಿಯಾಗಿ ಹೊಡೆಯಬೇಕು, ಅವರಿಗೆ ಒಂದು ಸಲ ಸಾಕು. ನಿಮ್ಮ ಗುರಿ ಎಷ್ಟೇ ಚೆನ್ನಾಗಿದ್ದರೂ ಈ ಅಂತರವನ್ನು ತುಂಬುವುದು ಬಲು ಕಷ್ಟ.

ನಾನು ಹೇಳುವುದನ್ನು ಒಂದು ವಾರ ಮಾಡಿ ನೋಡಿ. ಒಂದೇ ಮ್ಯಾಪನ್ನು (ಅಖಾಡವನ್ನು) ಆರಿಸಿಕೊಳ್ಳಿ. ಎದುರಾಳಿಗಳಿಲ್ಲದೆ ಅದರಲ್ಲಿ ಓಡಾಡಿ, ಒಂದು ಆರ್ಮರ್‌ನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸೆಕೆಂಡು ಬೇಕೆಂಬುದನ್ನು ಬಾಯಲ್ಲಿ ಎಣಿಸಿಕೊಳ್ಳಿ. ಅನಂತರ ಬಾಟ್‌ಗಳ (ಆಟವೇ ನಡೆಸುವ ಎದುರಾಳಿಗಳ) ವಿರುದ್ಧ ಆಡಿ. ಅವುಗಳಿಗೆ ಐದು ಹಂತಗಳಿವೆ, ಎರಡನೆಯ ಹಂತದಿಂದ ಪ್ರಾರಂಭಿಸಿದರೆ ಸಾಕು. ಇನ್ನೊಂದು ಮಾತು: ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲಿ ಇರುವುದು ಒಂದೇ ಅನಲಾಗ್ ಸ್ಟಿಕ್ (ಹೆಬ್ಬೆರಳಿನಿಂದ ತಿರುಗಿಸುವ ಪುಟ್ಟ ಕಡ್ಡಿ) ಆದ್ದರಿಂದ, ಮೌಸ್ ಹಿಡಿದವರಂತೆ ತಟ್ಟನೆ ತಿರುಗಿ ಎದೆಗೆ ಗುರಿಯಿಡುವ ಹಟ ಬೇಡ. ರಾಕೆಟ್ ಲಾಂಚರ್ ಸಿಕ್ಕಾಗ ಎದುರಾಳಿಯ ಕಾಲ ಬಳಿ ನೆಲಕ್ಕೆ ಹೊಡೆಯಿರಿ. ರಾಕೆಟ್ ತಪ್ಪಿದರೂ ಅದು ಸಿಡಿಯುವ ರಭಸಕ್ಕೆ ಎದುರಾಳಿಗೆ ಪೆಟ್ಟು ಬೀಳುತ್ತದೆ, ಅವನು ಗಾಳಿಗೆ ಚಿಮ್ಮುತ್ತಾನೆ. ಗಾಳಿಯಲ್ಲಿರುವವನು ದಿಕ್ಕು ಬದಲಿಸಲು ಒದ್ದಾಡುವಾಗ ಎರಡನೆಯ ರಾಕೆಟ್‌ಗೆ ಸುಲಭದ ತುತ್ತಾಗುತ್ತಾನೆ. ಪರದೆ ಪಾಲಾಗಿರುವುದರಿಂದ ಅಣ್ಣನ ಪಾಲು ನಿಮಗೂ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಒಂದೇ ಟಿವಿಯ ಮುಂದೆ ಕೂತು ಆಡುವವರ ಮಟ್ಟಿಗೆ ಇದು ಆಟದ್ದೇ ಒಂದು ಭಾಗ, ಮೋಸವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರು ಆರ್ಮರ್ ಎತ್ತಿಕೊಂಡ ಕ್ಷಣವನ್ನು ಕಣ್ಣಂಚಿನಲ್ಲೇ ಗಮನಿಸಿ, ಅಲ್ಲಿಂದ 25 ಎಣಿಸಿ.

ಪ್ರಶ್ನೆ: ಅಮೆರಿಕದಿಂದ ತಂದ ಡ್ರೀಮ್‌ಕಾಸ್ಟ್ ನನ್ನ ಬಳಿ ಇದೆ, ಇನ್ನೂ ಕರೆಂಟಿಗೆ ಹಾಕಿಲ್ಲ. ಪಿನ್ ಬದಲಾಯಿಸುವ ಅಡಾಪ್ಟರ್ ಸಾಕೇ? (ಓದುಗರು, ಧಾರವಾಡ)

ಉತ್ತರ: ಖಂಡಿತ ಸಾಲದು, ದಯವಿಟ್ಟು ಹಾಗೆ ಹಾಕಬೇಡಿ. ಆ ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರವನ್ನು ಮಾತ್ರ. ಅಮೆರಿಕದ ಕನ್ಸೋಲ್ 120 ವೋಲ್ಟ್‌ಗೆ ಮಾಡಿದ್ದು. ನಮ್ಮ ಮನೆಯ 230 ವೋಲ್ಟ್ ನೇರವಾಗಿ ಹರಿದರೆ ಒಳಗಿನ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡು, ಅದರ ಮೂಲಕ ಮಾತ್ರ ಹಾಕಿ. ಡಿಸ್ಕ್ ಕೊಳ್ಳುವಾಗಲೂ ಅಮೆರಿಕದ ಆವೃತ್ತಿಯನ್ನೇ ಕೇಳಿ, ಏಕೆಂದರೆ ಜಪಾನ್, ಯುರೋಪ್, ಅಮೆರಿಕಗಳ ಡಿಸ್ಕುಗಳು ಮೂಲ ಕನ್ಸೋಲ್‌ನಲ್ಲಿ ಅದಲುಬದಲಾಗಿ ನಡೆಯುವುದಿಲ್ಲ.

ಪ್ರಶ್ನೆ: ಈ ಕನ್ಸೋಲ್‌ನಲ್ಲಿ ಟೆಲಿಫೋನ್ ಮೋಡೆಮ್ ಇದೆ. ಅದರ ಮೂಲಕ ಕ್ವೇಕ್ 3ನ್ನು ಬೇರೆಯವರ ಜೊತೆ ಇಂದಿಗೂ ಆಡಲು ಸಾಧ್ಯವೇ? (ಓದುಗರು, ಬೆಂಗಳೂರು)

ಉತ್ತರ: ಸಾಧ್ಯವಿದೆ, ಸ್ವಲ್ಪ ಶ್ರಮ ಬೇಕು. ಇಡ್ ಸಾಫ್ಟ್‌ವೇರ್ 1999ರ ಡಿಸೆಂಬರ್‌ನಲ್ಲಿ ಕಂಪ್ಯೂಟರ್‌ಗೆ ಹೊರತಂದ ಈ ಆಟ 2000ದ ಅಕ್ಟೋಬರ್‌ನಲ್ಲಿ ಡ್ರೀಮ್‌ಕಾಸ್ಟ್‌ಗೆ ಬಂದಾಗ, ಮನೆಯ ಟೆಲಿಫೋನ್ ಲೈನಿನ ಮೂಲಕವೇ ನಾಲ್ಕು ಜನ ಸೇರಿ ಆಡಬಹುದಾಗಿತ್ತು. ಕನ್ಸೋಲ್ ಹಿಡಿದವರು ಕಂಪ್ಯೂಟರ್‌ನವರೊಂದಿಗೂ ಆಡಬಹುದಾಗಿತ್ತು ಎಂಬುದು ಆ ಕಾಲಕ್ಕೆ ತೀರ ಅಪರೂಪದ ಸಂಗತಿ. ಆಟ ಬಂದು ಮೂರು ತಿಂಗಳಾಗುವಷ್ಟರಲ್ಲಿ, 2001ರ ಜನವರಿ ಕೊನೆಯಲ್ಲಿ, ಕನ್ಸೋಲ್ ತಯಾರಿಕೆಯನ್ನು ನಿಲ್ಲಿಸುವುದಾಗಿ ಸೆಗಾ ಪ್ರಕಟಿಸಿತು. ಕಾಲಕ್ರಮದಲ್ಲಿ ಕಂಪನಿಯ ಸರ್ವರ್‌ಗಳೂ ಮುಚ್ಚಿದವು.

ಇಂದು ಅಭಿಮಾನಿಗಳು ಬಳಸುವುದು ಡ್ರೀಮ್‌ಪೈ ಎಂಬ ವ್ಯವಸ್ಥೆಯನ್ನು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಯುಎಸ್‌ಬಿ ಮೋಡೆಮ್ ಸಿಕ್ಕಿಸಿ, ಡ್ರೀಮ್‌ಕಾಸ್ಟ್‌ನ ಟೆಲಿಫೋನ್ ತಂತಿಯನ್ನು ಅದಕ್ಕೆ ಜೋಡಿಸಿದರೆ, ಕನ್ಸೋಲ್ ಡಯಲ್ ಮಾಡುವ ಕರೆಯನ್ನು ಆ ಪುಟ್ಟ ಕಂಪ್ಯೂಟರೇ ಎತ್ತಿಕೊಂಡು ಮನೆಯ ಬ್ರಾಡ್‌ಬ್ಯಾಂಡ್‌ಗೆ ದಾಟಿಸುತ್ತದೆ. ನಿಮಗೆ ಲ್ಯಾಂಡ್‌ಲೈನ್ ಸಂಪರ್ಕವೇ ಬೇಕಿಲ್ಲ. ಗೆಳೆಯರು ಕಂಪ್ಯೂಟರ್‌ನಿಂದ ಸೇರುವುದಾದರೆ ಅವರ ಬಳಿ 1.16ಎನ್ ಆವೃತ್ತಿಯೂ ಡ್ರೀಮ್‌ಕಾಸ್ಟ್ ಮ್ಯಾಪ್‌ಗಳ ಕಂತೆಯೂ ಇರಬೇಕು. ಹೊಸ ಆವೃತ್ತಿಯಿಂದ ನಿಮ್ಮ ಆಟಕ್ಕೆ ಸೇರಲಾಗದು.

ಅಮೆರಿಕದ ಸರ್ವರ್‌ನಲ್ಲಿ ಆಡುವಾಗ ಆಯುಧದ ಆಯ್ಕೆಯ ಬಗ್ಗೆ ಎಚ್ಚರವಿರಲಿ. ಸಂದೇಶ ಬೆಂಗಳೂರಿನಿಂದ ಹೋಗಿ ಬರಲು ಕಾಲು ಸೆಕೆಂಡು ಹಿಡಿಯಿತೆಂದುಕೊಳ್ಳಿ. ಈ ಆಟದಲ್ಲಿ ಓಡುವ ವೇಗ ಸೆಕೆಂಡಿಗೆ 320 ಮಾನ (ಆಟದೊಳಗಿನ ಅಳತೆ), ಆಟಗಾರನ ಮೈಯ ಅಗಲ 30 ಮಾನ. ನಿಮ್ಮ ಗುಂಡಿನ ಸುದ್ದಿ ಸರ್ವರ್‌ಗೆ ಮುಟ್ಟುವಷ್ಟರಲ್ಲಿ, ನಿಮ್ಮ ಪರದೆಯಲ್ಲಿ ಕಾಣುವ ಎದುರಾಳಿ ನಿಜದಲ್ಲಿ 80 ಮಾನ ಮುಂದೆ ಹೋಗಿರುತ್ತಾನೆ. ಆಟದ ಮೂಲ ಆವೃತ್ತಿ ಈ ತಡವನ್ನು ನಿಮ್ಮ ಪರವಾಗಿ ಸರಿದೂಗಿಸುವುದಿಲ್ಲ. ಆದ್ದರಿಂದ ರೈಲ್‌ಗನ್‌ನಿಂದ ಅವನ ಮೈಗೇ ಗುರಿಯಿಟ್ಟರೆ ಗುಂಡು ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಹೋಗುತ್ತದೆ. ಅವನ ಮೈಯ ಎರಡೂವರೆ ಪಟ್ಟು ಅಗಲದಷ್ಟು ಮುಂದಕ್ಕೆ ಹೊಡೆಯುವುದು ರೂಢಿಯಾಗುವವರೆಗೆ ಇಕ್ಕಟ್ಟಾದ ಬಾಗಿಲು, ಮೆಟ್ಟಿಲುಗಳ ಬಳಿ ರಾಕೆಟ್‌ನಿಂದಲೇ ಆಡಿ.