ತಲಪಾಡಿಯಿಂದ ಈಚೆಗೆ ಇಗರ್ಜಿಯ ಶಾಲೆ

ಮಾನ್ಯರೇ,

ಕಾಸರಗೋಡಿನ ಕಡೆಗೆ ಬಂದಾಗ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದ ಪಕ್ಕದಲ್ಲಿ ಕನ್ನಡ ಮಾಧ್ಯಮದ ಶಾಲೆಯನ್ನೂ, ಅದರಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತನಾಡುವ ಮಕ್ಕಳು ಒಟ್ಟಿಗೆ ಕುಳಿತು ಕನ್ನಡ ಓದುವುದನ್ನೂ ಕಂಡು ಬೆರಗಾದೆ ಎಂದು ಬರೆದಿದ್ದೀರಿ. ಕೇರಳದ ನೆಲದಲ್ಲಿ ಪಾದ್ರಿಗಳಿಗೆ ಕನ್ನಡದ ಉಸಾಬರಿ ಏಕೆ ಎಂಬುದು ನಿಮ್ಮ ಮೊದಲನೆಯ ಪ್ರಶ್ನೆ. ಈ ಶಾಲೆಗಳು ಬಡ ಮಕ್ಕಳನ್ನು ನಿಜವಾಗಿ ಮೇಲೆತ್ತಿವೆಯೇ, ತಾವು ಹಣ ಕಳುಹಿಸಿದರೆ ಅದು ಸಾರ್ಥಕವಾದೀತೇ ಎಂಬುದು ಎರಡನೆಯದು. ನಾನು ಕ್ರೈಸ್ತನಲ್ಲ. ಆದರೆ ಏಳನೆಯ ತರಗತಿಯವರೆಗೆ ಅಂಥದೇ ಒಂದು ಶಾಲೆಯಲ್ಲಿ ಓದಿದವನಾದ್ದರಿಂದ ಉತ್ತರಿಸುವ ಸಲಿಗೆ ನನಗಿದೆ ಎಂದುಕೊಳ್ಳುತ್ತೇನೆ.

ಮೊದಲನೆಯ ಪ್ರಶ್ನೆಗೆ ಉತ್ತರ ಕಾಸರಗೋಡು ಕೇರಳಕ್ಕೆ ಸೇರಿದ 1956ಕ್ಕಿಂತ ಬಹಳ ಹಿಂದಿನದು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೂವರು 1834ರಲ್ಲಿ ಮಂಗಳೂರಿಗೆ ಬಂದು, 1836ರಲ್ಲಿ ಅಲ್ಲಿ ಕನ್ನಡ ಶಾಲೆಯನ್ನು ತೆರೆದರು. ಜನರ ಮಾತು ತುಳು. ಬರಹಕ್ಕೆ ಒದಗಿದ್ದು ಕನ್ನಡ ಲಿಪಿ. ಅದೇ ಮಿಶನ್ನಿನ ಗುಂಡರ್ಟ್ ತಲಶ್ಶೇರಿಯ ಕಡೆ ನೆಲೆಸಿ ಮಲಯಾಳಕ್ಕೆ ನಿಘಂಟು ಬರೆದರೆ, ಕಿಟೆಲ್ ಕನ್ನಡಕ್ಕೆ ಬರೆದರು. 1872ರಲ್ಲಿ ಬಂದ ಆ ನಿಘಂಟೂ 1894ರಲ್ಲಿ ಬಂದ ಈ ನಿಘಂಟೂ ಅಚ್ಚಾದದ್ದು ಮಂಗಳೂರಿನಲ್ಲಿಯೇ. ಈ ಎರಡು ಊರುಗಳ ನಡುವೆ ಬಿದ್ದಿರುವ ನಮ್ಮ ಜಿಲ್ಲೆಯನ್ನು ಭಾಷೆಯ ಲೆಕ್ಕದಲ್ಲಿ ಗೆರೆ ಎಳೆದು ನೋಡುವ ಅಗತ್ಯ ಆ ಕಾಲದವರಿಗೆ ಬಂದಿರಲಿಲ್ಲ. ಕಥೋಲಿಕರ ವಿಷಯವೂ ಹೆಚ್ಚು ಕಡಿಮೆ ಹೀಗೆಯೇ. ಅವರ ಮನೆಮಾತು ಕೊಂಕಣಿಯಾದರೂ ಪ್ರಾರ್ಥನೆಯ ಪುಸ್ತಕ ಕನ್ನಡ ಲಿಪಿಯಲ್ಲಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಆದರೆ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಇಗರ್ಜಿಗಳು ಇಂದಿಗೂ ಮಂಗಳೂರಿನ ಬಿಷಪರ ಆಡಳಿತದಲ್ಲಿವೆ. ಸರ್ಕಾರದ ಗಡಿ ತಲಪಾಡಿಯಲ್ಲಿ ನಿಂತಿತು, ಬಿಷಪರ ಆಡಳಿತದ ಪ್ರದೇಶವಾದ ಧರ್ಮಪ್ರಾಂತದ ಗಡಿ ನಿಲ್ಲಲಿಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆಯೇ ನಿಂತಿದೆ.

ಹಣದ ವಿಷಯಕ್ಕೆ ಬರುವ ಮೊದಲು ಇಲ್ಲಿಯ ಬಡತನದ ಬಗೆಯನ್ನು ನೀವು ತಿಳಿಯಬೇಕು. ಹೊರಗಿನವರು ಫೀಸು ಕಟ್ಟುವುದೇ ದೊಡ್ಡ ದಾನವೆಂದು ತಿಳಿಯುತ್ತಾರೆ. ಇಲ್ಲಿಯ ಅನುದಾನಿತ ಶಾಲೆಗಳಲ್ಲಿ ಅಧ್ಯಾಪಕರ ಸಂಬಳವನ್ನು ಸರ್ಕಾರ ಕೊಡುತ್ತದೆ, ಕಟ್ಟಡವನ್ನು ಆಡಳಿತದವರು ನೋಡಿಕೊಳ್ಳುತ್ತಾರೆ, ಮಕ್ಕಳಿಂದ ಫೀಸು ಪಡೆಯುವುದಿಲ್ಲ. ಹಾಗಿದ್ದೂ ಮಕ್ಕಳು ಶಾಲೆ ಬಿಡುತ್ತಿದ್ದರು. ಜೂನ್ ತಿಂಗಳಲ್ಲಿ ಶಾಲೆಯೂ ಮಳೆಯೂ ಒಟ್ಟಿಗೆ ಶುರುವಾಗುತ್ತವೆ. ಕೊಡೆ, ಚೀಲ, ಪುಸ್ತಕ, ಸಮವಸ್ತ್ರ ಎಲ್ಲವೂ ಒಂದೇ ವಾರದಲ್ಲಿ ಬೇಕು. ಅದರ ಬೆನ್ನಿಗೇ ಆಟಿ ತಿಂಗಳು ಬರುತ್ತದೆ. ತುಳುನಾಡಿನಲ್ಲಿ ಆಟಿಯೆಂದರೆ ಕೂಲಿ ಕೆಲಸ ನಿಂತು, ಮನೆಯ ಅಕ್ಕಿ ಮುಗಿದು, ಕೆಸುವಿನ ಎಲೆ, ತಜಂಕಿನ ಸೊಪ್ಪು, ಹಲಸಿನ ಬೀಜದಲ್ಲಿ ದಿನ ದೂಡುತ್ತಿದ್ದ ಕಾಲ. ಹುಡುಗರು ಈ ಎರಡು ತಿಂಗಳಲ್ಲಿ ಜಾರಿಹೋಗುತ್ತಿದ್ದರು. ಹುಡುಗಿಯರ ಕತೆ ಬೇರೆ: ಊರಿನ ಶಾಲೆ ಏಳಕ್ಕೆ ಮುಗಿದು, ಹೈಸ್ಕೂಲು ನಾಲ್ಕೈದು ಮೈಲು ದೂರವಿದ್ದರೆ, ಅವರ ಮಡಿಲಿಗೆ ಬೀಡಿಯ ಗೆರಸೆ ಬರುತ್ತಿತ್ತು. ನನ್ನ ತಾಯಿ ಬೀಡಿ ಕಟ್ಟಿದವರು, ಅಕ್ಕನೂ ಎಂಟನೆಯ ತರಗತಿಗೆ ಹೋಗದೆ ಬೀಡಿಗೇ ಕುಳಿತವಳು. ನಾನು ಮುಂದೆ ಓದಿದ್ದು ಅವರಿಬ್ಬರ ಬೆರಳಿನಿಂದ.

ಇಗರ್ಜಿಯ ನೆರವು ಕೆಲಸ ಮಾಡಿದ್ದು ಈ ಸಣ್ಣ ಸಣ್ಣ ಕಂಡಿಗಳಲ್ಲಿ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಹೆಸರನ್ನು ನೀವು ಕೇಳಿರಲಾರಿರಿ. 1833ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈ ಸಭೆಯ ಘಟಕಗಳು ನಮ್ಮ ಕಡೆಯ ಇಗರ್ಜಿಗಳಲ್ಲಿ ಇವೆ. ಅದರ ಸದಸ್ಯರು ಪಾದ್ರಿಗಳಲ್ಲ, ಊರಿನ ಗೃಹಸ್ಥರು: ಒಬ್ಬ ಅಂಗಡಿಯವ, ಒಬ್ಬ ನಿವೃತ್ತ ಮಾಸ್ತರ, ಒಬ್ಬ ತೋಟದವ. ಸಭೆ ಸೇರಿದಾಗ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ, ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ತಿಳಿಯುವುದಿಲ್ಲ. ಆ ಬಳಿಕ ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಾರೆ. ಹೋಗಿ ಕುಳಿತು ಮಾತನಾಡುವುದರಿಂದ ಮಗು ಏಕೆ ಶಾಲೆಗೆ ಬಂದಿಲ್ಲವೆಂಬುದು ಹಾಜರಿ ಪುಸ್ತಕಕ್ಕಿಂತ ಮೊದಲೇ ಅವರಿಗೆ ತಿಳಿಯುತ್ತದೆ. ಹುಡುಗಿಯರ ಪಾಲಿಗೆ ಕಾನ್ವೆಂಟಿನ ಬೋರ್ಡಿಂಗು ಇದಕ್ಕಿಂತ ದೊಡ್ಡ ಉಪಕಾರವಾಯಿತು. ಮಂಗಳೂರಿನ ರೇಮಂಡ್ ಮಸ್ಕರೇನ್ಹಸ್ ಎಂಬ ಪಾದ್ರಿಗಳು 1921ರಲ್ಲಿ ಬೆಥನಿ ಸಂಸ್ಥೆಯನ್ನು ಸ್ಥಾಪಿಸಿದಾಗ ಹಳ್ಳಿಯ ಹೆಣ್ಣುಮಕ್ಕಳ ಓದು ಅವರ ಮುಖ್ಯ ಕಾಳಜಿಗಳಲ್ಲಿ ಒಂದಾಗಿತ್ತು. ಮಗಳು ಸಿಸ್ಟರ್‌ಗಳ ಕಣ್ಣೆದುರಿಗಿರುತ್ತಾಳೆಂಬ ಧೈರ್ಯ ಎಷ್ಟೋ ತಂದೆತಾಯಿಗಳಿಗೆ ಧರ್ಮದ ಅಂಜಿಕೆಗಿಂತ ದೊಡ್ಡದಾಗಿತ್ತು.

ಮತಾಂತರದ ವಿಷಯವನ್ನು ನೀವು ಮೆಲ್ಲಗೆ ಕೇಳಿದ್ದೀರಿ, ಮುಚ್ಚುಮರೆಯ ಅಗತ್ಯವಿಲ್ಲ. ಬಾಸೆಲ್ ಮಿಶನ್ನಿನ ಉದ್ದೇಶವೇ ಅದಾಗಿತ್ತು, ಅವರು ಅದನ್ನು ಬಚ್ಚಿಡಲೂ ಇಲ್ಲ. ಆದರೆ ಮತಾಂತರಗೊಂಡ ಬಿಲ್ಲವನಿಗೆ ಮೂರ್ತೆಯ, ಅಂದರೆ ಶೇಂದಿ ಇಳಿಸುವ, ಕಸುಬೂ ಬಂಧುಬಳಗವೂ ಒಟ್ಟಿಗೆ ತಪ್ಪಿದಾಗ ಅವನ ಹೊಟ್ಟೆಗೆ ದಾರಿಯಾಗಬೇಕೆಂದು ನೇಯ್ಗೆಯ ಶಾಲೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಓದಿನ ಜೊತೆಗೆ ಕೈಗೆ ಕೆಲಸ ಕೊಡದಿದ್ದರೆ ಓದು ನಿಲ್ಲುವುದಿಲ್ಲವೆಂಬುದನ್ನು ಅವರು ಕಷ್ಟದಿಂದ ಕಲಿತರು. ಇಂದಿನ ಅನುದಾನಿತ ಶಾಲೆಯಲ್ಲಿ ಪಠ್ಯವೂ ಪರೀಕ್ಷೆಯೂ ಸರ್ಕಾರದ್ದು. ನಾನು ಓದುತ್ತಿದ್ದಾಗ ಕಥೋಲಿಕ ಮಕ್ಕಳು ದೊತೊರ್ನಿಗೆ, ಅಂದರೆ ತಮ್ಮ ಧರ್ಮಪಾಠಕ್ಕೆ, ಹೋದರೆ ನಮಗೆ ನೀತಿಪಾಠವಿರುತ್ತಿತ್ತು, ಅದರಲ್ಲಿ ನಾವು ತೂಕಡಿಸುತ್ತಿದ್ದೆವು.

ಕೊರಗರ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಬುಟ್ಟಿ ಹೆಣೆದು ಬದುಕುವ ಈ ಬುಡಕಟ್ಟಿನವರನ್ನು ಅಸ್ಪೃಶ್ಯರಲ್ಲಿಯೂ ಕಡೆಯವರೆಂದು ನಮ್ಮ ಹಿರಿಯರು ದೂರವಿಟ್ಟಿದ್ದರು. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕವು 2000ದಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾಯಿತು. ಅದಕ್ಕೆ ಎಷ್ಟೋ ದಶಕಗಳ ಹಿಂದೆ ಇಟಲಿಯ ಜೆಸುಯಿಟ್ ಪಾದ್ರಿ ಅಲೆಕ್ಸಾಂಡರ್ ಕಮೀಸಾ ಅವರು ನಮ್ಮ ನಾರಂಪಾಡಿಯಲ್ಲಿ ಕೊರಗರ ನಡುವೆ ಕೆಲಸ ಮಾಡಿದ್ದರು. ಅಂದು ನಮ್ಮವರು ಕೊರಗರ ಕೇರಿಗಳಾದ ಆ ಕೊಪ್ಪಗಳ ಹತ್ತಿರ ಸುಳಿಯುತ್ತಿರಲಿಲ್ಲ, ಆದ್ದರಿಂದ ಅವರು ಏಕೆ ಬಂದರೆಂದು ಕೇಳುವ ಬಾಯಿ ನಮಗಿಲ್ಲವೆಂದು ನನ್ನ ಅಭಿಪ್ರಾಯ. ಒಂದು ಸೂಕ್ಷ್ಮವನ್ನೂ ತಿಳಿದಿರಿ: ಪರಿಶಿಷ್ಟ ಪಂಗಡದ ಕೊರಗನು ಕ್ರೈಸ್ತನಾದರೂ ಪಂಗಡದವನಾಗಿಯೇ ಉಳಿಯುತ್ತಾನೆ, ಆದರೆ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ 1950ರ ರಾಷ್ಟ್ರಪತಿ ಆದೇಶದಂತೆ ಆ ಸ್ಥಾನಮಾನ ಕಳೆದುಕೊಳ್ಳುತ್ತಾನೆ. ಬಡತನ ಒಂದೇ ಆಗಿರುವ ಎರಡು ಮನೆಗಳ ಮಕ್ಕಳಲ್ಲಿ ವಿದ್ಯಾರ್ಥಿವೇತನ ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ತಪ್ಪುವುದಕ್ಕೆ ಇದೂ ಒಂದು ಕಾರಣ.

ಇನ್ನು ಗಡಿಯ ಮಾತು. ಹತ್ತನೆಯ ತರಗತಿಯನ್ನು ಕನ್ನಡದಲ್ಲಿ ಮುಗಿಸಿದ ಬಡ ಹುಡುಗಿಯ ಎದುರಿಗೆ ಎರಡು ದಾರಿಗಳಿರುತ್ತವೆ. ತೆಂಕಣ ದಿಕ್ಕಿಗೆ ಹೋದರೆ ತರಗತಿಯ ಮಾತುಕತೆಯೂ ಕಚೇರಿಯೂ ಹೆಚ್ಚಾಗಿ ಮಲಯಾಳದಲ್ಲಿ. ಬಡಗಣ ದಿಕ್ಕಿಗೆ ಹೋದರೆ ಭಾಷೆ ಪರಿಚಿತ, ಆದರೆ ಅವಳ ಪಡಿತರ ಚೀಟಿ, ಆದಾಯದ ಪ್ರಮಾಣಪತ್ರ ಎಲ್ಲವೂ ಪರರಾಜ್ಯದವು. ಗಡಿನಾಡ ಕನ್ನಡಿಗರಿಗೆ ಕರ್ನಾಟಕವು ಕೆಲವು ಕೋರ್ಸುಗಳಲ್ಲಿ ಅವಕಾಶ ಕೊಟ್ಟಿದೆ, ಅದು ಸೀಟಿಗೆ ದಾರಿಯೇ ಹೊರತು ಊಟ ವಸತಿಗೆ ಅಲ್ಲ. ಇಂಥಲ್ಲಿ ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರು ಬರೆದ ಒಂದು ಕಾಗದ ಮಂಗಳೂರಿನ ಹಾಸ್ಟೆಲಿನಲ್ಲಿ ನಡೆಯುತ್ತದೆ, ಏಕೆಂದರೆ ಬರೆದವರೂ ಓದುವವರೂ ಒಂದೇ ಧರ್ಮಪ್ರಾಂತದವರು. ನನ್ನ ಸಹಪಾಠಿಯೊಬ್ಬಳು ಹೀಗೆಯೇ ತಲಪಾಡಿ ದಾಟಿ ನರ್ಸಿಂಗ್ ಕಲಿತಳು. ಅವಳ ಕುಟುಂಬ ಕ್ರೈಸ್ತವಲ್ಲ. ಆದರೆ ವಿಗಾರರ ಪರಿಚಯವಿಲ್ಲದ ಮನೆಯ ಮಗುವಿಗೆ ಈ ಬಾಗಿಲು ತೆರೆಯುವುದು ತಡ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಹಕ್ಕಾಗಿ ಸಿಗಬೇಕಾದದ್ದು ಪರಿಚಯದಿಂದ ಸಿಗುತ್ತಿರುವುದು ನನಗೆ ಸಮಾಧಾನದ ವಿಷಯವಲ್ಲ.

ಈಗ ಅದೇ ಸಂಸ್ಥೆಗಳು ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತಿವೆ; ಫೀಸು ಕೊಡಬಲ್ಲವರು ಅಲ್ಲಿಗೆ ಹೋಗುತ್ತಾರೆ, ಕನ್ನಡ ಶಾಲೆಯಲ್ಲಿ ಬೀಡಿಯವರ, ಕೂಲಿಯವರ ಮಕ್ಕಳು ಉಳಿಯುತ್ತಾರೆ. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತಲೆ ಎಣಿಸುತ್ತಾರೆ. ಆ ದಿನದ ಸಂಖ್ಯೆಯ ಮೇಲೆ ಅಧ್ಯಾಪಕರ ಹುದ್ದೆ ನಿರ್ಧಾರವಾಗುತ್ತದೆ. ನಾಲ್ಕು ಮಕ್ಕಳು ಕಡಿಮೆಯಾದರೂ ಒಂದು ಹುದ್ದೆ ಹೋಗಬಹುದು.

ಆದ್ದರಿಂದ ತಾವು ಕಳುಹಿಸುವುದಾದರೆ ಕ್ರಿಸ್‌ಮಸ್ಸಿಗೆ ಸಿಹಿತಿಂಡಿಯ ಪೊಟ್ಟಣಗಳನ್ನು ಕಳುಹಿಸಬೇಡಿ. ಮೇ ತಿಂಗಳ ಕೊನೆಯ ವಾರ ಕೊಡೆ ಮತ್ತು ನೋಟ್‌ಬುಕ್ಕುಗಳಿಗೆ ಆಗುವಷ್ಟು ಕಳುಹಿಸಿ. ಎಂಟನೆಯ ತರಗತಿಗೆ ದಾಟುವ ಹುಡುಗಿಯರ ಬಸ್ಸಿನ ಖರ್ಚಿಗೆ ಒಂದು ಪಾಲನ್ನು ಬೇರೆಯೇ ತೆಗೆದಿಡಿ. ಯಾವ ಮನೆಗಳೆಂದು ಪಟ್ಟಿ ಮಾಡಲು ಮಾಸ್ತರರೊಬ್ಬರ ಜೊತೆಗೆ ನಾನೇ ಹೋಗಿ ಬರುತ್ತೇನೆ.